ಮೊಮ್ಮಗನ ಇಯರ್ ಮಫ್: ಹನ್ನೊಂದು ತಿಂಗಳು ಬಳಸಿದ ಮೇಲೆ ಬರೆದಿದ್ದು

ಮೊದಲೇ ಹೇಳಿಬಿಡುತ್ತೇನೆ, ಇದು ಹಾಡು ಕೇಳುವ ಹೆಡ್‌ಫೋನ್ ಅಲ್ಲ. ವೈರ್ ಇಲ್ಲ, ಬ್ಲೂಟೂತ್ ಇಲ್ಲ, ಚಾರ್ಜ್ ಮಾಡುವ ಗೋಜಿಲ್ಲ. ಎರಡು ಪ್ಲಾಸ್ಟಿಕ್ ಬಟ್ಟಲು, ಒಳಗೆ ಸ್ಪಂಜು, ಅಂಚಿಗೆ ಮೆತ್ತನೆಯ ಕುಶನ್, ಎರಡನ್ನೂ ಹಿಡಿದಿಡುವ ಒಂದು ಪಟ್ಟಿ. ಅಷ್ಟೇ. ಸದ್ದು ಕಮ್ಮಿ ಮಾಡುವುದು ಬಿಟ್ಟರೆ ಇದಕ್ಕೆ ಬೇರೆ ಕೆಲಸವೇ ಇಲ್ಲ. ಮಕ್ಕಳ ಸೈಜಿನದು, ನೀಲಿ ಬಣ್ಣ, ಜನವರಿಯಲ್ಲಿ 1,150 ರೂಪಾಯಿ ಕೊಟ್ಟು ತಗೊಂಡೆ. ಬ್ರಾಂಡ್ ಹೆಸರು ಬರೆಯುವುದಿಲ್ಲ. ಹೆಚ್ಚುಕಮ್ಮಿ ಎಲ್ಲವೂ ಒಂದೇ ಥರ ಇರುತ್ತವೆ, ನಾನು ಹೇಳುವುದು ನೀವು ಯಾವುದನ್ನು ಕೊಂಡರೂ ಉಪಯೋಗಕ್ಕೆ ಬರುತ್ತದೆ.

ನಾನು ಬೆಂಗಳೂರಿನ ಪೀಣ್ಯದ ಒಂದು ಪ್ರೆಸ್ ಶಾಪ್‌ನಲ್ಲಿ 31 ವರ್ಷ ದುಡಿದವನು. ತಗಡು ಇಟ್ಟು ಪೆಡಲ್ ಒತ್ತಿದರೆ ಧಡ್, ಮತ್ತೆ ತಗಡು, ಮತ್ತೆ ಧಡ್. ಎಂಟು ಗಂಟೆಯ ಪಾಳಿಗೆ ಸದ್ದು 90 ಡೆಸಿಬೆಲ್ ಮೀರಬಾರದು ಅಂತ ಫ್ಯಾಕ್ಟರಿ ನಿಯಮದಲ್ಲಿ ಇತ್ತು. ನಮ್ಮಲ್ಲಿ ಅದನ್ನು ಅಳೆದವರು ಯಾರೂ ಇರಲಿಲ್ಲ. ಗೋಡೆಗೆ ಹಳದಿ ಇಯರ್ ಮಫ್ ನೇತು ಹಾಕಿದ್ದರು, ಇನ್‌ಸ್ಪೆಕ್ಟರ್ ಬರುವ ದಿನ ಹಾಕಿಕೊಳ್ಳುತ್ತಿದ್ದೆವು. ಉಳಿದ ದಿನ ಸೆಕೆ ಅಂತ ತೆಗೆದಿಟ್ಟು ಕಿವಿಗೆ ಹತ್ತಿ ತುರುಕಿಕೊಳ್ಳುತ್ತಿದ್ದೆವು. ಈಗ ನನಗೆ ಹಕ್ಕಿ ಕೂಗಿದ್ದು ಕೇಳಿಸುವುದಿಲ್ಲ, ಮಿಕ್ಸಿ ಸದ್ದನ್ನೇ ಮೊಬೈಲ್ ರಿಂಗ್ ಅಂದುಕೊಂಡು ಓಡಾಡುತ್ತೇನೆ, ಹೆಂಡತಿ ಅಡುಗೆಮನೆಯಿಂದ ಕೂಗಿದ್ದೂ ಕೇಳಿಸುವುದಿಲ್ಲ. ಕೊನೆಯದು ಮಾತ್ರ ನಾಟಕ ಅಂತ ಅವಳ ವಾದ.

ಅದೇ ಮನೆಯಲ್ಲಿ ನನ್ನ ಮಗಳ ಮಗ. ಏಳು ವರ್ಷ. ಆಟಿಸಂ ಇದೆ. ಎರಡು ಬೀದಿ ಆಚೆ ಕಸದ ಆಟೋ ಹಾಡು ಹಾಕಿಕೊಂಡು ಬಂದರೆ ನಮ್ಮ ಮನೆಯಲ್ಲಿ ಮೊದಲು ಗೊತ್ತಾಗುವುದು ಅವನಿಗೆ.

ಎರಡೂವರೆ ವರ್ಷದವನಿದ್ದಾಗ ಹೆಸರು ಕೂಗಿದರೆ ತಿರುಗುತ್ತಿರಲಿಲ್ಲ. ಕಿವಿ ಕೇಳಿಸುತ್ತಿಲ್ಲವೇನೋ ಅಂತ ನಮಗೆಲ್ಲ ಹೆದರಿಕೆ. ಆದರೆ ಪಕ್ಕದ ರೂಮಿನಲ್ಲಿ ಚಿಪ್ಸ್ ಪ್ಯಾಕೆಟ್ ಬಿಚ್ಚಿದರೆ ಸಾಕು, ಓಡಿ ಬರುತ್ತಿದ್ದ. ಡಾಕ್ಟರು ಮೊದಲು ಬೆರಾ ಟೆಸ್ಟ್ ಮಾಡಿಸಿ ಅಂದರು. ಮಗು ಮಲಗಿರುವಾಗ ತಲೆಗೆ ವೈರ್ ಅಂಟಿಸಿ, ಕಿವಿಯೊಳಗೆ ಟಕಟಕ ಸದ್ದು ಬಿಟ್ಟು, ಅದು ಒಳಗಿನ ನರದ ದಾರಿಯಲ್ಲಿ ಸರಿಯಾಗಿ ಹೋಗುತ್ತಿದೆಯಾ ಅಂತ ನೋಡುತ್ತಾರೆ. ಅವನ ಕಿವಿ ಸರಿಯಾಗಿಯೇ ಇತ್ತು. ಆಮೇಲೆ ನಿಮ್ಹಾನ್ಸ್‌ಗೆ ಓಡಾಡಿದೆವು, ಮೂರೂವರೆ ವರ್ಷಕ್ಕೆ ಆಟಿಸಂ ಅಂತ ಹೇಳಿದರು. ಅದೇ ಸಮಯಕ್ಕೆ ಮಗಳು ಬಲವಂತ ಮಾಡಿ ನನ್ನ ಕಿವಿಯನ್ನೂ ಟೆಸ್ಟ್ ಮಾಡಿಸಿದಳು. ನನ್ನ ಗ್ರಾಫ್ 4000 ಹರ್ಟ್ಸ್ ಹತ್ತಿರ, ಅಂದರೆ ಕೀರಲು ಸದ್ದಿನ ಕಡೆ, ಬಾವಿಗೆ ಬಿದ್ದ ಹಾಗೆ ಕೆಳಗೆ ಇಳಿದಿತ್ತು. ಮೆಷಿನ್ ಸದ್ದಿನಲ್ಲಿ ದುಡಿದವರಿಗೆ ಮೊದಲು ಪೆಟ್ಟು ಬೀಳುವುದು ಅಲ್ಲೇ. ಅಂದರೆ ನಮ್ಮನೆಯಲ್ಲಿ ಕಿವುಡ ಅವನಲ್ಲ, ನಾನು.

ಸದ್ದು ಅಂದರೆ ಅವನಿಗೆ ಎಲ್ಲಾ ಸದ್ದೂ ಆಗುವುದಿಲ್ಲ ಅಂತಲ್ಲ. ಇದನ್ನು ನೆಂಟರಿಗೆ ಹೇಳಿ ಹೇಳಿ ಸಾಕಾಗಿದೆ. ಸ್ಟೀಲ್ ತಟ್ಟೆ ಹಿಡಿದು ಅರ್ಧ ಗಂಟೆ ತಾನೇ ಬಡಿಯುತ್ತಾನೆ. ಶೀಟಿನ ಮೇಲೆ ಮಳೆ ಬಿದ್ದರೆ ಕುಣಿಯುತ್ತಾನೆ. ಆದರೆ ಮಿಕ್ಸಿ ಆಗದು, ಕುಕ್ಕರ್ ಸೀಟಿ ಆಗದು, ಮಾಲ್‌ನ ಬಾತ್‌ರೂಮಿನಲ್ಲಿ ಕೈ ಒಣಗಿಸುವ ಮೆಷಿನ್ ಅಂದರೆ ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಡುತ್ತಾನೆ. ತಾನು ಮಾಡುವ ಸದ್ದು, ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತಿರುವ ಸದ್ದು ಪರವಾಗಿಲ್ಲ. ಹೇಳದೆ ಕೇಳದೆ ಬರುವುದು ಮಾತ್ರ ಅವನಿಗೆ ಹೊಡೆದ ಹಾಗೆ. ಹಠ ಅಲ್ಲ ಇದು. 2013ರಲ್ಲಿ ಬಂದ ಡಿಎಸ್‌ಎಂ-5 ಅಂತ ಅಮೆರಿಕದ ಮನೋವೈದ್ಯರ ಪುಸ್ತಕ ಇದೆಯಲ್ಲ, ಸದ್ದು, ಬೆಳಕು, ಮುಟ್ಟುವುದು ಇಂಥದ್ದೆಲ್ಲ ಅತಿಯಾಗಿಯೋ ತೀರಾ ಕಮ್ಮಿಯಾಗಿಯೋ ತಾಗುವುದನ್ನು ಅದರಲ್ಲಿ ಆಟಿಸಂ ಗುರುತಿಸುವ ಲಕ್ಷಣಗಳಲ್ಲಿ ಸೇರಿಸಿದ್ದಾರೆ ಅಂತ ಮಗಳು ಓದಿ ಹೇಳಿದಳು. ಹಾಗಂತ ಎಲ್ಲಾ ಮಕ್ಕಳೂ ಇವನ ಹಾಗೇ ಇರುವುದಿಲ್ಲ. ಥೆರಪಿಗೆ ಬರುವ ಇನ್ನೊಂದು ಹುಡುಗಿ ಗದ್ದಲ ಎಲ್ಲಿದೆಯೋ ಅಲ್ಲಿಗೇ ಹೋಗಿ ನಿಲ್ಲುತ್ತಾಳೆ. ಅಂಥ ಮಗುವಿಗೆ ಇದನ್ನು ಕೊಂಡರೆ ದುಡ್ಡು ದಂಡ.

ಮಫ್ ಬರುವ ಮುಂಚೆ ನಮ್ಮ ಮನೆಯಲ್ಲಿ ಬೆಳಗ್ಗೆ ಹೇಗಿತ್ತು ಅಂದರೆ, ಮಿಕ್ಸಿಯನ್ನು ಯುಟಿಲಿಟಿಗೆ ಒಯ್ದು, ಕೆಳಗೆ ಹಳೇ ಕಂಬಳಿ ಮಡಚಿ ಹಾಕಿ, ಬಾಗಿಲು ಮುಚ್ಚಿ, ಅಳಿಯ ಮಗುವನ್ನು ಎತ್ತಿಕೊಂಡು ಕೆಳಗಿನ ಗೇಟ್ ತನಕ ಹೋಗಿ ನಿಂತ ಮೇಲೆ ಫೋನ್ ಮಾಡುತ್ತಿದ್ದ, "ಹಾಂ, ಈಗ ಹಾಕಿ" ಅಂತ. ಒಂದು ಬಟ್ಟಲು ಚಟ್ನಿಗೆ ಇಷ್ಟು ವ್ಯವಸ್ಥೆ. ಕೊನೆಗೆ ನನ್ನ ಹೆಂಡತಿ ರೋಸಿಹೋಗಿ ಮೂಲೆಯಲ್ಲಿದ್ದ ಒರಳುಕಲ್ಲು ತೊಳೆದು ಕೂತಳು. ಚಟ್ನಿ ರುಚಿ ಆಯಿತು, ಅವಳ ಭುಜ ಕೆಟ್ಟಿತು.

ಆಗ ನನಗೆ ಆ ಹಳದಿ ಮಫ್ ನೆನಪಾಯಿತು. ಪೀಣ್ಯದಲ್ಲಿ ಸೇಫ್ಟಿ ಸಾಮಾನಿನ ಅಂಗಡಿಗೆ ಹೋದೆ. ಹೆಲ್ಮೆಟ್, ಗ್ಲೌಸ್, ಗಂಬೂಟ್ ಎಲ್ಲಾ ಮಾರುತ್ತಾರಲ್ಲ, ಅಂಥದ್ದು. ಅಂಗಡಿಯವನು ಹಳೇ ಪರಿಚಯ. "ಏನ್ ಯಜಮಾನ್ರೇ, ರಿಟೈರ್ ಆದ್ಮೇಲೆ ಮತ್ತೆ ಕೆಲ್ಸಕ್ಕೆ ಹೋಗ್ತೀರಾ?" ಅಂದ. ಮೊಮ್ಮಗನಿಗೆ ಅಂದೆ. ಸುಮ್ಮನೆ ನನ್ನ ಮುಖ ನೋಡಿದ. ದೊಡ್ಡವರದೇ ಒಂದು ಹಳದಿ ಮಫ್ ಕೊಂಡು ತಂದೆ, ಅದು ನನ್ನ ಮೊದಲ ತಪ್ಪು. ಪಟ್ಟಿಯನ್ನು ಎಷ್ಟು ಕಿರಿದು ಮಾಡಿದರೂ ಅವನ ತಲೆಯ ಮೇಲೆ ಎರಡು ಬೆರಳು ಜಾಗ ಉಳಿಯಿತು, ಬಟ್ಟಲು ಜಾರಿ ದವಡೆಗೆ ಬಂತು. ಸುತ್ತ ಒಂದು ಕೂದಲೆಳೆಯಷ್ಟು ಸಂದಿ ಬಿಟ್ಟರೂ ಸದ್ದು ನುಗ್ಗುತ್ತದೆ, ಮಫ್ ಹಾಕಿಯೂ ಹಾಕದ ಹಾಗೆ. ಆಮೇಲೆ ಆನ್‌ಲೈನ್‌ನಲ್ಲಿ ಮಕ್ಕಳ ಸೈಜಿನದು ತರಿಸಿದೆ. ನೀವು ನೇರವಾಗಿ ಅದನ್ನೇ ತರಿಸಿ.

ಡಬ್ಬದ ಮೇಲೆ ಎನ್‌ಆರ್‌ಆರ್ 25 ಅಂತ ಬರೆದಿರುತ್ತದೆ, ಎಷ್ಟು ಸದ್ದು ಕಮ್ಮಿ ಮಾಡುತ್ತದೆ ಅನ್ನುವ ಅಂಕಿ ಅದು. ಇದನ್ನು ನೋಡಿ ಮೋಸ ಹೋಗಬೇಡಿ. 25 ಡೆಸಿಬೆಲ್ ಕಮ್ಮಿ ಆಗುವುದು ಲ್ಯಾಬ್‌ನಲ್ಲಿ, ಅಳತೆಗೆ ಸರಿಯಾಗಿ ಕೂತಾಗ. ನಮಗೆ ಸೇಫ್ಟಿ ಕ್ಲಾಸ್‌ನಲ್ಲಿ ಒಂದು ಲೆಕ್ಕ ಹೇಳಿಕೊಟ್ಟಿದ್ದರು, ಅಮೆರಿಕದವರದ್ದು: ಬರೆದಿದ್ದರಲ್ಲಿ 7 ಕಳಿ, ಉಳಿದಿದ್ದನ್ನು ಅರ್ಧ ಮಾಡು. 25ರಲ್ಲಿ 7 ಹೋದರೆ 18, ಅದರ ಅರ್ಧ 9. ನಿಜವಾಗಿ ಕೈಗೆ ಸಿಗುವುದು ಅಷ್ಟು ಅಂತ ಇಟ್ಟುಕೊಳ್ಳಿ. ಒಂಬತ್ತೇನಾ ಅಂತ ಮೂಗು ಮುರಿಯಬೇಡಿ. 10 ಡೆಸಿಬೆಲ್ ಇಳಿದರೆ ನಮ್ಮ ಕಿವಿಗೆ ಸದ್ದು ಸುಮಾರು ಅರ್ಧ ಆದ ಹಾಗೆ ಅನ್ನಿಸುತ್ತದೆ. ಅಡುಗೆಮನೆ ಬಾಗಿಲಲ್ಲಿ ನಿಂತು ಫೋನಿನ ಆ್ಯಪ್‌ನಲ್ಲಿ ಅಳೆದರೆ ನಮ್ಮ ಮಿಕ್ಸಿ 88 ತೋರಿಸಿತು. ಫೋನಿನ ಲೆಕ್ಕ ಅಷ್ಟು ಕರಾರುವಾಕ್ ಅಲ್ಲ, ಆದರೂ ಒಂದು ಅಂದಾಜು ಸಿಗುತ್ತದೆ ಅಲ್ವಾ.

ಇನ್ನೊಂದು ವಿಷಯ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದಿಲ್ಲ. ಮಫ್ ಕೀರಲು ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಅಂದರೆ ಸೀಟಿ, ಮಿಕ್ಸಿ, ಹಾರ್ನ್, ಮಗು ಅಳುವುದು. ದಪ್ಪ ಸದ್ದನ್ನು ಅಷ್ಟು ತಡೆಯುವುದಿಲ್ಲ. ಡಿಜೆ, ತಮಟೆ, ಡೊಳ್ಳು, ಲಾರಿ ಇಂಜಿನ್ ಇವೆಲ್ಲ ಎದೆಗೇ ಬಂದು ಬಡಿಯುತ್ತವೆ. ಗಣೇಶ ಬಿಡುವ ಮೆರವಣಿಗೆ ನಮ್ಮ ದಾಸರಹಳ್ಳಿ ರಸ್ತೆಯಲ್ಲಿ ಬಂದಾಗ ಮಫ್ ಹಾಕಿಕೊಂಡೂ ಅವನು ಬೀರುವಿನ ಸಂದಿಗೆ ಹೋಗಿ ಕೂತ, ಮುಕ್ಕಾಲು ಗಂಟೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಅಂತ 2000ನೇ ಇಸವಿಯಿಂದಲೇ ನಿಯಮ ಇದೆ. ಟೆಂಪೋದ ಮೇಲೆ ಎಂಟು ಬಾಕ್ಸ್ ಕಟ್ಟಿಕೊಂಡು ಬಂದವರಿಗೆ ಇದನ್ನು ಹೇಳಲು ಹೋಗಬೇಡಿ. ನಾನು ಹೋಗಿ ಹೇಳಿದೆ, ಕುಂಕುಮ ಇಟ್ಟು ಪ್ರಸಾದ ಕೊಟ್ಟು ಕಳಿಸಿದರು.

ಹಾಕಿಸಿದ್ದು ಹೇಗೆ ಅಂತ ಬಹಳ ಜನ ಕೇಳುತ್ತಾರೆ. ಟೋಪಿಯನ್ನೇ ತಲೆಗೆ ಸೇರಿಸದ ಹುಡುಗ ಇವನು. ಥೆರಪಿಯ ಓಟಿ (ಆಕ್ಯುಪೇಷನಲ್ ಥೆರಪಿ) ಮೇಡಂ ಒಂದೇ ಮಾತು ಹೇಳಿದ್ದರು, ನೀವಾಗಿ ಅವನ ತಲೆಗೆ ಹಾಕಬೇಡಿ. ಸರಿ ಅಂತ ನಾನು ದಿನಾ ಬೆಳಗ್ಗೆ ಕಾಫಿ ಕುಡಿಯುವಾಗ ಹಳದಿಯದನ್ನು ನನ್ನ ತಲೆಗೆ ಹಾಕಿಕೊಂಡು, ನೀಲಿಯದನ್ನು ಪೇಪರ್ ಪಕ್ಕ ಇಟ್ಟು ಕೂತೆ. ಮೊದಲ ಎರಡು ದಿನ ತಿರುಗಿಯೂ ನೋಡಲಿಲ್ಲ. ಮೂರನೇ ದಿನ ತಗೊಂಡು ಹೋಗಿ ಪಟ್ಟಿ ಮಡಚುವುದು, ಬಿಚ್ಚುವುದು, ಆ ಟಿಕ್ ಅನ್ನುವುದನ್ನು ಕೇಳುವುದು, ಇದೇ ಕೆಲಸ. ಕುಶನ್ ಮೂಸಿ ನೋಡಿದ. ಹೊಸ ಪ್ಲಾಸ್ಟಿಕ್ ವಾಸನೆ ಅವನಿಗೆ ಸೇರಲಿಲ್ಲ ಅನ್ನಿಸುತ್ತದೆ, ವಾಪಸ್ ತಂದು ನನ್ನ ತೊಡೆ ಮೇಲೆ ಹಾಕಿದ. ಒಂದು ರಾತ್ರಿ ಅದನ್ನು ಅವನ ದಿಂಬಿನ ಕವರಿನ ಒಳಗೆ ಇಟ್ಟೆವು. ಆರನೇ ದಿನ ಹತ್ತು ಸೆಕೆಂಡ್ ಹಾಕಿಕೊಂಡ. ಹಾಕಿಕೊಂಡು ಕಣ್ಣು ದೊಡ್ಡದು ಮಾಡಿ ಮೇಲಿನ ಫ್ಯಾನ್ ನೋಡಿದ. ಅದು ತಿರುಗುತ್ತಿತ್ತು, ಸದ್ದು ಇರಲಿಲ್ಲ. ತೆಗೆದ, ನೋಡಿದ. ಹಾಕಿದ, ನೋಡಿದ.

ಮಿಕ್ಸಿ ವಿಷಯ ಆಮೇಲೆ ಒಂದು ಭಾನುವಾರ ನಡೆಯಿತು. ಹೆಂಡತಿ ಜಾರ್‌ಗೆ ಕಾಯಿ, ಹುರಿಗಡಲೆ, ಮೆಣಸಿನಕಾಯಿ ಹಾಕಿಟ್ಟು ಎಂದಿನಂತೆ "ಮಗೂನ ಕರ್ಕೊಂಡು ಹೋಗ್ರೋ" ಅಂತ ಕೂಗುವಷ್ಟರಲ್ಲಿ ಅವನೇ ಮಫ್ ಹಾಕಿಕೊಂಡು ಅಡುಗೆಮನೆಗೆ ಬಂದು ನಿಂತ. ಕೈ ಮಿಕ್ಸಿಯ ಸ್ವಿಚ್ ಮೇಲೆ. ನಾವೆಲ್ಲ ಉಸಿರು ಬಿಗಿ ಹಿಡಿದು ನೋಡುತ್ತಿದ್ದೇವೆ. ಒಂದಕ್ಕೆ ತಿರುಗಿಸಿದ, ಗರ್ರ್ ಅಂದ ತಕ್ಷಣ ಸೊನ್ನೆಗೆ ತಂದ. ಮತ್ತೆ ಒಂದು, ಮತ್ತೆ ಸೊನ್ನೆ. ಹನ್ನೆರಡೋ ಹದಿಮೂರೋ ಸಲ ಮಾಡಿದ, ಅಳಿಯ ಎಣಿಸುತ್ತಿದ್ದ. ಚಟ್ನಿ ಪಾಯಸದ ಹಾಗೆ ನುಣ್ಣಗಾಯಿತು. ಯಾರೂ ಏನೂ ಅನ್ನಲಿಲ್ಲ, ದೋಸೆಗೆ ಸುರಿದುಕೊಂಡು ತಿಂದೆವು. ಈಗ ನಮ್ಮ ಮನೆಯಲ್ಲಿ ಮಿಕ್ಸಿ ಹಾಕುವ ಅಧಿಕಾರ ಅವನದು, ಅವನು ಶಾಲೆಗೆ ಹೋದ ಮೇಲೆ ಯಾರಾದರೂ ಹಾಕಿದರೆ ಜಾರ್ ಒದ್ದೆ ಇರುವುದನ್ನು ನೋಡಿಯೇ ಕಂಡುಹಿಡಿಯುತ್ತಾನೆ. ಒರಳುಕಲ್ಲು ಮತ್ತೆ ಮೂಲೆಗೆ ಹೋಯಿತು. ಚಟ್ನಿ ರುಚಿ ಹೋಗಿದ್ದು ನಷ್ಟದ ಬಾಬ್ತಿಗೆ ಬರೆದುಕೊಳ್ಳಿ.

ನಿಜವಾಗಿ ಇದು ಉಪಯೋಗಕ್ಕೆ ಬಂದಿದ್ದು ಮೆಟ್ರೋದಲ್ಲಿ. ಅವನಿಗೆ ಮೆಟ್ರೋ ಅಂದರೆ ಪ್ರಾಣ. ಅವನು ಮಾತಾಡಲು ಶುರು ಮಾಡಿದ್ದೇ ಮೆಟ್ರೋದಿಂದ. ಅಮ್ಮ, ಅಪ್ಪ ಅಂತ ಸರಿಯಾಗಿ ಬರುವ ಮುಂಚೆ "ಮುಂದಿನ ನಿಲ್ದಾಣ" ಅಂತ ಬಂತು. ನಿರೂಪಕಿ ಅಪರ್ಣಾ ಅವರ ದನಿ ಅದು, 2024ರ ಜುಲೈನಲ್ಲಿ ಅವರು ತೀರಿಕೊಂಡಾಗ ನಮ್ಮ ಮನೆಯಲ್ಲಿ ಯಾರೋ ಹತ್ತಿರದವರು ಹೋದ ಹಾಗೆ ಆಗಿತ್ತು. ನನ್ನ ಮಗ ಮಾತು ಕಲಿತಿದ್ದು ಅವರಿಂದಲೇ ಅಂತ ಮಗಳು ಅವತ್ತು ಅತ್ತಳು. ಅವನು ಬಚ್ಚಲಿಗೆ ಹೋಗಬೇಕಾದರೂ "ಮುಂದಿನ ನಿಲ್ದಾಣ, ಬಚ್ಚಲು" ಅಂತಲೇ ಹೇಳುತ್ತಾನೆ, ಅದೇ ಏರಿಳಿತ, ಅದೇ ನಿಧಾನ. ಆದರೆ ಬಾಗಿಲು ಮುಚ್ಚುವಾಗಿನ ಬೀಪ್ ಮತ್ತು ಮೆಜೆಸ್ಟಿಕ್‌ನ ಜನಜಂಗುಳಿ ಎರಡೂ ಅವನಿಗೆ ಆಗದು. ಹಾಗಾಗಿ ಅಷ್ಟು ಪ್ರೀತಿಯ ಮೆಟ್ರೋದಲ್ಲಿ ಎರಡು ಸ್ಟೇಷನ್ ದಾಟುವಷ್ಟರಲ್ಲಿ ಇಳಿಯಬೇಕಾಗುತ್ತಿತ್ತು.

ಮಫ್ ಬಂದ ಮೇಲೆ ಅವನೇ ಒಂದು ಉಪಾಯ ಕಂಡುಕೊಂಡ. ಬೀಪ್ ಆಗುವಾಗ ಎರಡೂ ಕಿವಿ ಮುಚ್ಚಿರುತ್ತದೆ. ಗಾಡಿ ಹೊರಟು ಸ್ವಲ್ಪ ಹೊತ್ತಿಗೆ ಎಡಗಡೆಯ ಬಟ್ಟಲನ್ನು ಮಾತ್ರ ಒಂದು ಬೆರಳಲ್ಲಿ ಎತ್ತುತ್ತಾನೆ. ಅನೌನ್ಸ್‌ಮೆಂಟ್ ಕೇಳುತ್ತಾನೆ. ಟಪ್ ಅಂತ ಬಿಡುತ್ತಾನೆ. ಒಂದು ಸಲವೂ ತಪ್ಪಿಲ್ಲ. ನನಗೆ ಆ ಗಾಡಿಯ ಸದ್ದಿನಲ್ಲಿ ಅನೌನ್ಸ್‌ಮೆಂಟ್ ಗೊಜಗೊಜ ಅಂತ ಕೇಳಿಸುತ್ತದೆ, ಯಾವ ಸ್ಟೇಷನ್ ಅಂತ ಅರ್ಥ ಆಗುವುದಿಲ್ಲ. ಅವನ ಮೊಣಕೈ ತಟ್ಟಿದರೆ ಹೇಳುತ್ತಾನೆ, "ಮುಂದಿನ ನಿಲ್ದಾಣ, ಗೊರಗುಂಟೆಪಾಳ್ಯ". ಈಗ ನಾನು ಬೋರ್ಡ್ ನೋಡುವುದನ್ನೇ ಬಿಟ್ಟಿದ್ದೇನೆ.

ಜನರ ವಿಷಯ. ಇದನ್ನು ಹಾಕಿಕೊಂಡ ಮಗುವನ್ನು ನೋಡಿ ನೂರರಲ್ಲಿ ತೊಂಬತ್ತು ಜನ ಹಾಡು ಕೇಳುತ್ತಿದ್ದಾನೆ ಅಂದುಕೊಳ್ಳುತ್ತಾರೆ. "ಏನ್ ಸಾಂಗ್ ಕೇಳ್ತಿದೀಯಾ ಮರಿ?" ಅಂತ ಕೇಳುವುದು, ಉತ್ತರ ಬರದಿದ್ದರೆ "ಎಷ್ಟು ಜಂಬ ನೋಡಿ" ಅನ್ನುವುದು. ಮೇ ತಿಂಗಳಲ್ಲಿ ನೆಂಟರ ಮದುವೆಗೆ ಹೋಗಿದ್ದೆವು, ಛತ್ರದಲ್ಲಿ. ಓಲಗದವರಿಂದ ದೂರ, ಊಟದ ಹಾಲಿನ ಹತ್ತಿರ ಕೂರಿಸಿದ್ದೆವು, ಅವನ ಪಾಡಿಗೆ ಅವನು ಅಕ್ಷತೆಯ ಅಕ್ಕಿಕಾಳು ಸಾಲಾಗಿ ಜೋಡಿಸುತ್ತಿದ್ದ. ದೊಡ್ಡವರೊಬ್ಬರು ಬಂದು, ಮುಹೂರ್ತದ ಹೊತ್ತಲ್ಲಿ ಇದೆಂಥ ಹೆಡ್‌ಫೋನು ಅಂತ ಹಿಂದಿನಿಂದ ಎಳೆದುಬಿಟ್ಟರು. ಎಳೆದಿದ್ದಕ್ಕೂ ಗಟ್ಟಿಮೇಳ ಶುರುವಾಗಿದ್ದಕ್ಕೂ ಸರಿಹೋಯಿತು. ಆಮೇಲೆ ಆಗಿದ್ದನ್ನು ಬರೆಯುವುದಿಲ್ಲ. ಇಂಥ ಮಕ್ಕಳಿರುವ ಮನೆಯವರಿಗೆ ಗೊತ್ತಿರುತ್ತದೆ. ಮಗಳ ಸೀರೆ ಹರಿಯಿತು, ಅವಳ ಕೈ ಮೇಲೆ ಹಲ್ಲಿನ ಗುರುತು, ಊಟ ಮಾಡದೆ ಬಂದೆವು. ಆಟೋದಲ್ಲಿ ಮಗಳು, "ಅಪ್ಪಾ, ಇನ್ಮೇಲೆ ಮದುವೆಗೆ ನೀವಿಬ್ರೇ ಹೋಗಿ, ನಾವು ಬರಲ್ಲ" ಅಂದಳು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಒಂದು ವಾರ ಆದ ಮೇಲೆ ಅಳಿಯ ಮಫ್‌ನ ಎರಡೂ ಕಡೆ ಬಿಳಿ ಸ್ಟಿಕ್ಕರ್ ಅಂಟಿಸಿದ. ದಪ್ಪ ಅಕ್ಷರದಲ್ಲಿ "ಸದ್ದು ನೋವಾಗುತ್ತದೆ, ತೆಗೆಯಬೇಡಿ" ಅಂತ. ಆಟಿಸಂ ಅಂತ ಬರೆಯೋಣವಾ ಬೇಡವಾ ಅಂತ ಮನೆಯಲ್ಲಿ ಎರಡು ದಿನ ಚರ್ಚೆ ಆಯಿತು. ಮಗನ ತಲೆಯ ಮೇಲೆ ಬೋರ್ಡ್ ಬೇಡ ಅಂದಳು ಮಗಳು. ಸರಿಯೇ. ಸ್ಟಿಕ್ಕರ್ ಬಂದ ಮೇಲೆ ಬಸ್ಸಿನಲ್ಲಿ, ಅಂಗಡಿಯಲ್ಲಿ ಜನ ಓದಿ ದನಿ ತಗ್ಗಿಸುತ್ತಾರೆ, ನಿಜವಾಗಿಯೂ. ಕಂಪನಿಯವರೇ ಇಂಥದ್ದೊಂದು ಕನ್ನಡದಲ್ಲಿ ಹಾಕಿ ಕೊಟ್ಟರೆ ಅವರ ಗಂಟೇನು ಹೋಗುತ್ತದೆ?

ಬೇರೆ ಏನೇನು ಪ್ರಯತ್ನಿಸಿದೆವು ಅಂದರೆ, ಕಿವಿಯೊಳಗೆ ಇಡುವ ಸ್ಪಂಜಿನ ಪ್ಲಗ್ ತಂದೆವು, ಜಗಿದು ಉಗಿದ. ನುಂಗಿದ್ದರೆ ಕಷ್ಟ, ಚಿಕ್ಕ ಮಕ್ಕಳಿಗೆ ಅದು ಬೇಡವೇ ಬೇಡ. ಅಳಿಯನ ಹತ್ತಿರ ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಇದೆ, ಆಫೀಸಿನ ಕಾಲ್‌ಗೆ. ಅದು ಬಸ್ ಇಂಜಿನ್ ಥರ ಒಂದೇ ಸಮ ಬರುವ ದಪ್ಪ ಸದ್ದನ್ನು ನುಂಗಿಹಾಕುತ್ತದೆ, ಮಫ್ ಎಲ್ಲಿ ಸೋಲುತ್ತದೋ ಅಲ್ಲಿ ಅದು ಗೆಲ್ಲುತ್ತದೆ. ಆದರೆ ಕುಕ್ಕರ್ ಸೀಟಿ, ನಾಯಿ ಬೊಗಳಿದ್ದು, ಪಾತ್ರೆ ಬಿದ್ದಿದ್ದು, ಇಂಥ ದಿಢೀರ್ ಸದ್ದಿಗೆ ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಚಾರ್ಜ್ ಬೇರೆ ಮುಗಿಯುತ್ತದೆ. ಏಳು ವರ್ಷದ ಹುಡುಗ ಎಸೆದರೆ ಇಪ್ಪತ್ತು ಸಾವಿರ ಮಣ್ಣುಪಾಲು. ಮಫ್ ಅನ್ನು ಅವನು ಎರಡನೇ ಮಹಡಿಯಿಂದ ಎಸೆದಿದ್ದಾನೆ, ಏನೂ ಆಗಿಲ್ಲ.

ಕಟಿಂಗ್ ಶಾಪ್‌ನಲ್ಲಿ ಇದು ಅರ್ಧ ಪ್ರಯೋಜನ. ಕಿವಿಯ ಸುತ್ತಲೇ ಅಲ್ವಾ ಕತ್ತರಿ ಓಡಬೇಕಾದ್ದು. ನಮ್ಮ ಕಟಿಂಗ್ ಶಾಪಿನವರು ಒಳ್ಳೆಯವರು, ಮಧ್ಯಾಹ್ನ ಎರಡು ಗಂಟೆಗೆ ಯಾರೂ ಇಲ್ಲದಾಗ ಬನ್ನಿ ಅಂತಾರೆ, ಟ್ರಿಮ್ಮರ್ ಮುಟ್ಟುವುದಿಲ್ಲ, ಮೇಲಿನದೆಲ್ಲ ಮಫ್ ಹಾಕಿಕೊಂಡಾಗಲೇ ಕತ್ತರಿಸಿ, ಆಮೇಲೆ ಒಂದೊಂದೇ ಕಿವಿ. ಒಂದು ಸಲ ಬಲಗಡೆ ಬಿಡಲೇ ಇಲ್ಲ. ಒಂದು ಕಡೆ ಸಣ್ಣ, ಒಂದು ಕಡೆ ಉದ್ದ, ಹದಿನೈದು ದಿನ ಹಾಗೇ ಓಡಾಡಿದ. ಫ್ಯಾಷನ್ ಅಂದರು ಪಕ್ಕದ ಮನೆಯವರು.

ದೀಪಾವಳಿಗೆ ಇದನ್ನು ನಂಬಿ ಕೂರಬೇಡಿ. ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬೆಲ್ ತನಕ ಸದ್ದಿಗೆ ನಮ್ಮ ಕಾನೂನೇ ಅವಕಾಶ ಕೊಟ್ಟಿದೆ. ಅದರಲ್ಲಿ 9 ಕಳೆದರೆ ಎಷ್ಟು ಉಳಿಯುತ್ತದೆ, ನೀವೇ ಲೆಕ್ಕ ಹಾಕಿ. ರಾತ್ರಿ 8ರಿಂದ 10ರ ತನಕ ಮಾತ್ರ ಹೊಡೆಯಬೇಕು ಅಂತ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ಬೀದಿಯಲ್ಲಿ ಆ ಎರಡು ಗಂಟೆ ಮಾತ್ರ ಹೊಡೆಯುತ್ತಾರೆ ಅಂತಲ್ಲ, ಆ ಎರಡು ಗಂಟೆ ಜಾಸ್ತಿ ಹೊಡೆಯುತ್ತಾರೆ. ಹೋದ ವರ್ಷಗಳಲ್ಲಿ ಒಳಗಿನ ರೂಮು, ಕಿಟಕಿಗೆ ಹಾಸಿಗೆ ಒರಗಿಸಿ, ಫ್ಯಾನ್ ಜೋರಾಗಿ ಹಾಕಿ ಕಳೆದಿದ್ದೆವು. ಈ ಸಲ ಮಗಳಿಗೆ ಹೊಳೆಯಿತು, ಮೆಟ್ರೋ ಹತ್ತೋಣ ಅಂತ. ಏಳೂವರೆಗೆ ದಾಸರಹಳ್ಳಿಯಲ್ಲಿ ಹತ್ತಿದೆವು, ಅವಳು, ನಾನು, ಅವನು. ಸಿಲ್ಕ್ ಇನ್‌ಸ್ಟಿಟ್ಯೂಟ್ ತನಕ ಸುಮಾರು ಒಂದು ಗಂಟೆ. ಗಾಡಿ ಹೆಚ್ಚುಕಮ್ಮಿ ಖಾಲಿ. ಬಾಗಿಲು ಮುಚ್ಚಿದರೆ ಹೊರಗಿನ ಸದ್ದು ಒಳಗೆ ಬರುವುದೇ ಕಮ್ಮಿ, ಮೇಲೆ ಮಫ್.

ಯಶವಂತಪುರ ದಾಟಿದ ಮೇಲೆ ರಾಕೆಟ್ ಶುರುವಾದವು. ಹಳಿ ಎತ್ತರದಲ್ಲಿ ಇರುತ್ತದಲ್ಲ, ಮನೆಗಳ ತಾರಸಿ ನಮ್ಮ ಕಾಲ ಕೆಳಗೆ. ರಾಜಾಜಿನಗರದ ಕಡೆ ಆಕಾಶದಲ್ಲಿ ಹಸಿರು, ಕೆಂಪು ಹೂವು ಬಿರಿಯುತ್ತಿವೆ, ಸದ್ದೇ ಇಲ್ಲ. ಏಳು ವರ್ಷದಲ್ಲಿ ಅವನು ಪಟಾಕಿ ಕಣ್ಣಲ್ಲಿ ನೋಡಿದ್ದು ಅವತ್ತೇ ಮೊದಲು. ಕಿಟಕಿಗೆ ಮೂಗು ಒತ್ತಿಕೊಂಡು ನಿಂತ, ಉಸಿರಿಗೆ ಗಾಜು ಮಂಜಾದರೆ ಅಂಗಿಯ ತೋಳಲ್ಲಿ ಒರೆಸಿ ಮತ್ತೆ ಒತ್ತುತ್ತಾನೆ. ಗಾಡಿ ಸಂಪಿಗೆ ರಸ್ತೆ ದಾಟಿ ನೆಲದೊಳಗೆ ಹೋಯಿತು, ಕಿಟಕಿ ಕಪ್ಪಾಯಿತು. "ಪಟಾಕಿ ಮುಗೀತು" ಅಂದ. ನ್ಯಾಷನಲ್ ಕಾಲೇಜು ಹತ್ತಿರ ಮೇಲೆ ಬಂದ ತಕ್ಷಣ ಮತ್ತೆ ಒಂದು ದೊಡ್ಡದು. ಸಿಲ್ಕ್ ಇನ್‌ಸ್ಟಿಟ್ಯೂಟ್‌ನಲ್ಲಿ ಗೇಟ್ ಹೊರಗೆ ಹೋಗಿ, ಕಾರ್ಡ್ ಒತ್ತಿ ಮತ್ತೆ ಒಳಗೆ ಬಂದು, ವಾಪಸ್ ಹೊರಟೆವು. ಮಗಳು ಚಕ್ಕುಲಿ ಡಬ್ಬಿ ತಂದಿದ್ದಳು, ಗಾಡಿಯಲ್ಲಿ ತಿನ್ನುವ ಹಾಗಿಲ್ಲ ಅಂತ ಮನೆಗೆ ಬಂದು ಮೆಟ್ಟಿಲ ಮೇಲೆ ಕೂತು ತಿಂದೆವು.

ಬಸವನಗುಡಿಯ ಕಡಲೆಕಾಯಿ ಪರಿಷೆಗೂ ಹೋಗಿದ್ದೆವು. ಕಾರ್ತಿಕದ ಕೊನೇ ಸೋಮವಾರದ ಸಂಜೆ ಬೇಡ, ಮಫ್ ಇದ್ದರೂ ಆಗದು, ಪೀಪಿ ಊದುವ ಹುಡುಗರು ಕಿವಿ ಹತ್ತಿರವೇ ಬಂದು ಊದುತ್ತಾರೆ. ಬೆಳಗ್ಗೆ ಏಳಕ್ಕೆ ಹೋದರೆ ವ್ಯಾಪಾರಿಗಳು ಆಗ ತಾನೇ ಮೂಟೆ ಬಿಚ್ಚುತ್ತಿರುತ್ತಾರೆ. ಅಷ್ಟು ಸಾಕು.

ಇನ್ನು ತೊಂದರೆಗಳು. ಸೆಕೆ, ಎಲ್ಲಕ್ಕಿಂತ ಮೊದಲು. ಮಾರ್ಚ್‌ನಿಂದ ಮೇ ತನಕ ಇಪ್ಪತ್ತು ನಿಮಿಷಕ್ಕೆ ಕಿವಿ ಬೆವೆತು ಕೆಂಪಾಗುತ್ತದೆ, ಹಿಂದೆ ಬೆವರುಸಾಲೆ ಎದ್ದಿತ್ತು. ಹತ್ತಿ ಬಟ್ಟೆಯ ಕವರ್ ಹೊಲಿದು ಹಾಕಿ ನೋಡಿದೆವು. ಬೆವರು ಕಮ್ಮಿ ಆಯಿತು, ಆದರೆ ಸಂದಿ ಬಿಟ್ಟು ಸದ್ದು ಜಾಸ್ತಿ ಬಂತು. ಹೊಸದರಲ್ಲಿ ಬಿಗಿತ ವಿಪರೀತ, ರಾತ್ರಿಯೆಲ್ಲ ಒಂದು ಫುಟ್‌ಬಾಲ್‌ಗೆ ಹಾಕಿಟ್ಟು ಸಡಿಲ ಮಾಡಿ, ಜೋರಾಗಿ ಎಳೆಯಬೇಡಿ. ಕನ್ನಡಕ ಹಾಕುವ ಮಕ್ಕಳಿಗೆ ಕಡ್ಡಿಯ ಪಕ್ಕ ಸಂದಿ ಬೀಳುತ್ತದೆ. ಕುಶನ್ ಒಂಬತ್ತು ತಿಂಗಳಿಗೆ ಬಿರುಕು ಬಿಟ್ಟಿತು, ಬೇರೆ ಕುಶನ್ ಬಿಡಿಯಾಗಿ ಸಿಗುವುದಿಲ್ಲ, ಕೊಳ್ಳುವ ಮುಂಚೆ ಇದೊಂದನ್ನು ಕೇಳಿ ನೋಡಿ. ಮತ್ತೆ, ದಿನವಿಡೀ ಹಾಕಿಸಬೇಡಿ. ಸದಾ ಮುಚ್ಚಿಟ್ಟರೆ ಸಣ್ಣ ಸದ್ದೂ ದೊಡ್ಡದಾಗಿ ಕೇಳಲು ಶುರುವಾಗಬಹುದು ಅಂತ ಓಟಿ ಮೇಡಂ ಎಚ್ಚರಿಸಿದ್ದರು. ನಾವು ಹೊರಗೆ ಹೋಗುವಾಗ ಕತ್ತಿಗೆ ನೇತು ಹಾಕಿರುತ್ತೇವೆ, ಬೇಕಾದಾಗ ಅವನೇ ಏರಿಸಿಕೊಳ್ಳುತ್ತಾನೆ. ರಸ್ತೆ ದಾಟುವಾಗ ಮಾತ್ರ ಕೈ ಬಿಡುವಂತಿಲ್ಲ, ಮಫ್ ಹಾಕಿದ್ದರೆ ಹಾರ್ನ್ ಸರಿಯಾಗಿ ಕೇಳಿಸುವುದಿಲ್ಲವಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಕುಶನ್‌ಗೆ. ಸೆಕೆಗೆ ಕಮ್ಮಿ ಮಾಡಿಲ್ಲ, ಅದು ಬೆಂಗಳೂರಿನ ತಪ್ಪು.

ಆ ದೊಡ್ಡ ಹಳದಿಯದು ಬಾಗಿಲ ಹಿಂದಿನ ಮೊಳೆಗೆ ಸುಮ್ನೆ ನೇತಾಡುತ್ತಿತ್ತು. ಹೋದ ತಿಂಗಳು ಪಕ್ಕದ ಸೈಟಿನಲ್ಲಿ ಹೊಸ ಮನೆಗೆ ಟೈಲ್ಸ್ ಹಾಕಲು ಶುರು ಮಾಡಿದರು. ಕಟ್ಟರ್ ಓಡಿದರೆ ಇವನು ಒಳಗೆ ನೀಲಿ ಮಫ್ ಏರಿಸಿಕೊಂಡು ಕೂರುತ್ತಾನೆ, ಸರಿ. ಆದರೆ ಹೊರಗೆ ಆ ಕಟ್ಟರ್ ಹಿಡಿದ ಹುಡುಗನಿಗೆ ಇಪ್ಪತ್ತೋ ಇಪ್ಪತ್ತೊಂದೋ, ರಾಯಚೂರು ಕಡೆಯವನು, ಎಂಟು ಗಂಟೆ ಅದೇ ಸದ್ದಿನಲ್ಲಿ, ಕಿವಿಗೆ ಹತ್ತಿ. ಹಳದಿಯದನ್ನು ತಗೊಂಡು ಹೋಗಿ ಕೊಟ್ಟೆ. ಎರಡು ದಿನ ಹಾಕಿಕೊಂಡ. ಮೂರನೇ ದಿನ ನೋಡಿದರೆ ಅದು ಸಿಮೆಂಟ್ ಮೂಟೆಯ ಮೇಲೆ ಬಿದ್ದಿತ್ತು. ಯಾಕಪ್ಪ ಅಂತ ಕೇಳಿದೆ.

"ಭಾಳ ಶೆಕಿ ಆಗ್ತದ್ರೀ ಯಜಮಾನ್ರ" ಅಂದ.